ನಳಿಕೆಯ ಅನ್ನ

ಅನ್ನವನ್ನು ಚೆಲ್ಲಬಾರದೆಂಬುದು ಹಿರಿಯರು ಕಲಿಸಿದ ಪಾಠ. ಶಾಲೆಯಲ್ಲಿ ನಾನೂ ಮಕ್ಕಳಿಗೆ ಅದನ್ನೇ ಬೋಧಿಸಿದವನು. ಪಾರ್ಶ್ವವಾಯುವಿನಿಂದ ನನ್ನ ಪತ್ನಿಯು ನುಂಗಲಾರದಂತಾಗಿ, ಮೂಗಿನಲ್ಲಿಟ್ಟ ನಳಿಕೆಯ ಮೂಲಕ ಆಹಾರ ಕೊಡಬೇಕಾಗಿ ಬಂದಿತು. ಒಂದು ದಿನ ಬೆಳಗ್ಗೆ ಕಲಸಿ ಮಿಕ್ಕುದನ್ನು, ಚೆಲ್ಲಲು ಮನಸ್ಸು ಬಾರದೆ, ಸಂಜೆಗೆ ಕೊಟ್ಟೆನು. ರಾತ್ರಿಯೆಲ್ಲ ಆಕೆಗೆ ಅತಿಸಾರ. ವೈದ್ಯರು ಕಾರಣವನ್ನು ತಿಳಿಸಿದಾಗ ನಾನು ತಲೆ ತಗ್ಗಿಸಿದೆನು.

ವಾಚಕರೇ, ಈ ಆಹಾರದ ಪುಡಿಯು ಡಬ್ಬಿಯಲ್ಲಿರುವಾಗಲೂ ಪೂರ್ಣ ಕ್ರಿಮಿರಹಿತವಲ್ಲ. ನೀರು ಬೆರೆತೊಡನೆ ಅದು ಕ್ರಿಮಿಗಳಿಗೆ ಮೃಷ್ಟಾನ್ನವಾಗುವುದು. ಆದುದರಿಂದ ಸಾಬೂನಿನಿಂದ ಕೈ ತೊಳೆದು, ಶುಚಿಯಾದ ಪಾತ್ರೆಯಲ್ಲಿ, ಕುದಿಸಿ ಆರಿಸಿದ ನೀರಿನಿಂದ, ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕಲಸತಕ್ಕದ್ದು. ಕಲಸಿದುದು ಹೊರಗೆ 4 ಗಂಟೆಗಿಂತ ಹೆಚ್ಚು ಕಾಲ ಇರಕೂಡದು; ಫ್ರಿಜ್ಜಿನಲ್ಲಿ ಮುಚ್ಚಿಟ್ಟರೂ 24 ಗಂಟೆಗೆ ಅದರ ಆಯುಸ್ಸು ತೀರಿತು. ಕೊಡುವಾಗಲೂ, ಕೊಟ್ಟ ಬಳಿಕ ಒಂದು ಗಂಟೆಯವರೆಗೂ ರೋಗಿಯ ತಲೆ ಎದೆಗಳು 30ರಿಂದ 45 ಡಿಗ್ರಿ ಮೇಲೆದ್ದಿರಬೇಕು. ಇಲ್ಲವಾದರೆ ಆಹಾರವು ಶ್ವಾಸಕೋಶವನ್ನು ಸೇರೀತು. ಕೊಡುವ ಮುನ್ನವೂ ಅನಂತರವೂ ನೀರು ಹಾಯಿಸಿ ನಳಿಕೆಯನ್ನು ಶುದ್ಧಗೊಳಿಸಬೇಕು.

ಅವಧಿ ಮೀರಿದುದನ್ನು ಚೆಲ್ಲುವುದು ಇಲ್ಲಿ ಶುಶ್ರೂಷಕನ ಧರ್ಮ. ಅನ್ನಕ್ಕೆ ಗೌರವ ಸಲ್ಲಿಸಬೇಕೆನ್ನುವವರು ಮಿಗದಂತೆ ಬೇಕಾದಷ್ಟನ್ನೇ ಕಲಸಲಿ. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ.