ಕಪಾಟು ಊರಿನಲ್ಲಿ, ಪುಸ್ತಕ ಜೇಬಿನಲ್ಲಿ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ನೆಲಮಂಗಲದತ್ತ ಸಾಗುವಾಗ ಸಿಗುವ ಮಾದನಾಯಕನಹಳ್ಳಿ, ಕಾರ್ಖಾನೆ ಮತ್ತು ಗೋದಾಮುಗಳ ನೆರೆಯ ಊರು. ಕೆಲಸ ಅರಸಿ ನಾನಾ ಜಿಲ್ಲೆಗಳಿಂದ ಬಂದವರು ಇಲ್ಲಿ ಬಾಡಿಗೆ ಮನೆಗಳಲ್ಲಿ ನೆಲೆಸಿದ್ದಾರೆ. ಒಂದೆರಡು ಕೋಣೆಯ ಮನೆಯಲ್ಲಿ ಪುಸ್ತಕದ ಕಪಾಟಿಗೆ ಜಾಗ ಸಿಗುವುದು ಕಷ್ಟ. ಮನೆ ಬದಲಿಸುವಾಗ ಊರಿಗೆ ಹೋಗುವ ಇಲ್ಲವೇ ರದ್ದಿಗೆ ಸೇರುವ ಮೊದಲ ವಸ್ತುವೂ ಪುಸ್ತಕವೇ.

2024ರ ನವೆಂಬರ್ 7ರಿಂದ ನಮ್ಮ ಮೆಟ್ರೊ ಹಸಿರು ಮಾರ್ಗದ ರೈಲುಗಳು ಸಮೀಪದ ಮಾದಾವರದವರೆಗೆ ಸಂಚರಿಸುತ್ತಿವೆ. ಅಲ್ಲಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಒಂದು ಕಥೆಯನ್ನಾದರೂ ಓದಿ ಮುಗಿಸಬಹುದು. ಓದಬೇಕಾದ ಪುಸ್ತಕ ಮಾತ್ರ ಮನೆಯ ಗಣಕದಲ್ಲೋ ಊರಿನ ಪೆನ್‌ಡ್ರೈವ್‌ನಲ್ಲೋ ಉಳಿದಿರುತ್ತದೆ. ಸ್ವಂತ ಇ-ಪುಸ್ತಕಗಳನ್ನು ಅಂತರ್ಜಾಲದ ಸಂಗ್ರಹದಲ್ಲಿರಿಸಿ ಎಲ್ಲಿಂದಲಾದರೂ ತೆರೆಯುವ ವಿಧಾನ ಈ ಕೊರತೆಯನ್ನು ನೀಗಿಸಬಲ್ಲದು. ಆದರೆ ಅದಕ್ಕೆ ಕೆಲವು ಎಚ್ಚರಿಕೆಗಳು ಅಗತ್ಯ.

ಕೊಂಡ ಪುಸ್ತಕ ಯಾರದು?

ಕ್ಲೌಡ್ ಎಂಬ ಹೆಸರು ಮೋಡವನ್ನು ನೆನಪಿಸಿದರೂ ಅದು ಬೇರೊಬ್ಬರ ಗಣಕಗಳಲ್ಲಿ ನಮಗೆ ದೊರೆಯುವ ಜಾಗವಷ್ಟೇ. ಆ ಜಾಗದಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತವೆ. ಒಂದು, ಓದುಗ ತಾನೇ ಇರಿಸಿದ ಕಡತ. ಇನ್ನೊಂದು, ಇ-ಪುಸ್ತಕ ಮಳಿಗೆಯ ಖಾತೆಯಲ್ಲಿ ಕಾಣುವ ಪುಸ್ತಕ. ನೋಡಲು ಎರಡೂ ಒಂದೇ. ಎರಡನೆಯದರಲ್ಲಿ ಓದುಗನಿಗೆ ಸಾಮಾನ್ಯವಾಗಿ ಸಿಗುವುದು ಓದುವ ಪರವಾನಗಿಯೇ ಹೊರತು ಪುಸ್ತಕದ ಒಡೆತನವಲ್ಲ.

ಈ ವ್ಯತ್ಯಾಸ ಬರೀ ಮಾತಿನದಲ್ಲ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್ ಅವರ '1984' ಮತ್ತು 'ಅನಿಮಲ್ ಫಾರ್ಮ್' ಕಾದಂಬರಿಗಳ ಪ್ರತಿಗಳನ್ನು ಗ್ರಾಹಕರ ಕಿಂಡಲ್ ಸಾಧನಗಳಿಂದಲೇ ದೂರದಿಂದ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮಾಯವಾದವು. ಎರಡೂ ಪ್ರಸಂಗಗಳಲ್ಲಿ ಹಣ ಮರಳಿತು. 2025ರ ಫೆಬ್ರುವರಿ 26ರಿಂದ ಅಮೆಜಾನ್, ಕಿಂಡಲ್ ಪುಸ್ತಕವನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಸಾಧನಕ್ಕೆ ಸಾಗಿಸುವ ಸೌಲಭ್ಯವನ್ನೂ ಹಿಂತೆಗೆದುಕೊಂಡಿತು.

ಆದ್ದರಿಂದ ಮೊದಲ ಪಾಠ ಇದು: ಪ್ರತಿಬಂಧವಿಲ್ಲದ ಕಡತ ದೊರೆಯುವ ಕಡೆ ಅದನ್ನೇ ಆರಿಸಿ, ಇಳಿಸಿಕೊಂಡು ಸ್ವಂತ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು ಲೇಸು.

ಎಷ್ಟು ಜಾಗ ಬೇಕು?

ಗೂಗಲ್ ಡ್ರೈವ್ ಉಚಿತವಾಗಿ ನೀಡುವುದು 15 ಜಿಬಿ. ಡ್ರಾಪ್‌ಬಾಕ್ಸ್ ನೀಡುವುದು 2 ಜಿಬಿ. ಗೂಗಲ್‌ನ 15 ಜಿಬಿಯಲ್ಲಿ ಇ-ಅಂಚೆ ಮತ್ತು ಛಾಯಾಚಿತ್ರಗಳೂ ಪಾಲು ಕೇಳುತ್ತವೆ ಎಂಬುದನ್ನು ಮರೆಯಬಾರದು.

ಬರಹರೂಪದ ಇ-ಪಬ್ ಕಾದಂಬರಿಯೊಂದು ಸಾಮಾನ್ಯವಾಗಿ ಒಂದೆರಡು ಎಂಬಿ ಮೀರುವುದಿಲ್ಲ. ಅಂಥವು ಸಾವಿರಾರು ಹಿಡಿಸುತ್ತವೆ. ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಲೆಕ್ಕವೇ ಬೇರೆ. ಒಂದೊಂದೂ 50 ಎಂಬಿ ಎಂದು ಹಿಡಿದರೆ 300 ಪುಸ್ತಕಗಳಿಗೆ 15 ಜಿಬಿ ಭರ್ತಿ.

ಕನ್ನಡದ ತೊಡಕು

ಕನ್ನಡ ಓದುಗರಿಗೆ ಇನ್ನೊಂದು ಸಮಸ್ಯೆಯಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳು ಕಣ್ಣಿಗೆ ಕನ್ನಡವಾದರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳನ್ನೇ ಹೊತ್ತಿರುತ್ತವೆ. ಆ ಫಾಂಟು ಇಲ್ಲದ ಮೊಬೈಲ್‌ನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತವೆ. 'ಕುವೆಂಪು' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಇಂಥ ಬರಹವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸಿಯೇ ಸಂಗ್ರಹಿಸಬೇಕು.

ಸ್ಕ್ಯಾನ್ ಮಾಡಿದ ಪುಟಗಳು ಬರೀ ಚಿತ್ರಗಳು; ಅವುಗಳಲ್ಲೂ ಹುಡುಕಾಟ ನಡೆಯದು. ಗೂಗಲ್ ಡ್ರೈವ್‌ನಲ್ಲಿರುವ ಚಿತ್ರ ಅಥವಾ ಪಿಡಿಎಫ್ ಅನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಅಕ್ಷರಗಳನ್ನೂ ಗುರುತಿಸಿ ಬರಹವಾಗಿಸಲು ಯತ್ನಿಸುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುವುದರಿಂದ ಮೂಲ ಚಿತ್ರವನ್ನು ಅಳಿಸಬಾರದು.

ಜೋಡಿಸುವ ಕ್ರಮ

ಕಡತಗಳ ರಾಶಿ ಗ್ರಂಥಾಲಯವಾಗಬೇಕಾದರೆ ಸೂಚಿ ಬೇಕು. ಮುಂಬೈ ಮೂಲದ ತಂತ್ರಜ್ಞ ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ, ಈಗ ಕ್ಯಾಲಿಬರ್ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಹೆಸರಾಗಿದೆ. ಲೇಖಕರಿಗೊಂದು, ಪುಸ್ತಕಕ್ಕೊಂದು ಕಡತಕೋಶ ಮಾಡಿ, ಎಲ್ಲದರ ವಿವರವನ್ನು ಒಂದೇ ದತ್ತಸಂಚಯದಲ್ಲಿ ಅದು ಬರೆದಿಡುತ್ತದೆ. ಸೂಚಿಯಲ್ಲಿ ಕನ್ನಡ ಹೆಸರು ಕನ್ನಡದಲ್ಲೇ ಉಳಿಯುತ್ತದೆ. ಕಡತಕೋಶದ ಹೆಸರು ಮಾತ್ರ ರೋಮನ್ ಲಿಪಿಗೆ ತಿರುಗುತ್ತದೆ. ಅದನ್ನು ಕೈಯಿಂದ ಬದಲಿಸಿದರೆ ಸೂಚಿ ಮತ್ತು ಕಡತದ ನಂಟು ಕಡಿಯುತ್ತದೆ.

ಆ ದತ್ತಸಂಚಯವೇ ಗ್ರಂಥಾಲಯದ ಜೀವ. ಕ್ಲೌಡ್‌ಗೆ ಜೋಡಿಸಿದ ಒಂದೇ ಸಂಗ್ರಹವನ್ನು ಎರಡು ಗಣಕಗಳಲ್ಲಿ ಏಕಕಾಲಕ್ಕೆ ತೆರೆದು ತಿದ್ದಿದರೆ ಅದು ಕೆಡುವ ಅಪಾಯವಿದೆ. ಸುರಕ್ಷಿತ ಮಾರ್ಗ ಸರಳ: ಸೇರಿಸುವುದು, ತಿದ್ದುವುದು ಒಂದೇ ಗಣಕದಲ್ಲಿ ನಡೆಯಲಿ. ಕೆಲಸ ಮುಗಿಸಿ ಕ್ಯಾಲಿಬರ್ ಮುಚ್ಚಿದ ಬಳಿಕ ಕ್ಲೌಡ್‌ಗೆ ನಕಲು ಹೋಗಲಿ. ಮೊಬೈಲ್‌ನಿಂದ ಓದುವುದಷ್ಟೇ ಇರಲಿ.

ಓದಲಿರುವ ಪುಸ್ತಕವನ್ನು ಮನೆಯಲ್ಲಿದ್ದಾಗಲೇ ಮೊಬೈಲ್‌ಗೆ ಇಳಿಸಿಕೊಳ್ಳುವುದು ಒಳಿತು. ಹಸಿರು ಮಾರ್ಗದ ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳು ನೆಲದಡಿಯಲ್ಲಿವೆ. ಸಂಪರ್ಕ ಕ್ಷೀಣಿಸಿದರೂ ಓದು ನಿಲ್ಲಬಾರದಲ್ಲವೇ?

ಮನೆಯ ಗಣಕವನ್ನೇ ಗ್ರಂಥಾಲಯವಾಗಿಸುವ ದಾರಿಯೂ ಉಂಟು. ಕ್ಯಾಲಿಬರ್‌ನಲ್ಲೇ ಅಡಕವಾಗಿರುವ ಸರ್ವರ್ ಚಾಲನೆಗೊಳಿಸಿದರೆ ಅದೇ ವೈಫೈಯಲ್ಲಿರುವ ಮೊಬೈಲ್‌ನ ಬ್ರೌಸರ್‌ನಲ್ಲಿ ಇಡೀ ಸೂಚಿ ತೆರೆದುಕೊಳ್ಳುತ್ತದೆ. ಹೊರಗಿನಿಂದ ತಲುಪುವುದು ಅಷ್ಟು ಸುಲಭವಲ್ಲ. ಅಂತರ್ಜಾಲ ಒದಗಿಸುವ ಅನೇಕ ಸಂಸ್ಥೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಮೇಲಾಗಿ ಗಣಕ ಸದಾ ಚಾಲೂ ಇರಬೇಕು, ಗುಪ್ತಪದದ ರಕ್ಷಣೆ ಬೇಕು. ಸಾಮಾನ್ಯ ಓದುಗರಿಗೆ ಕ್ಲೌಡ್ ನಕಲೇ ಹಗುರವಾದ ಹಾದಿ.

ಕಾನೂನಿನ ಗೆರೆ

ಎಲ್ಲಿಂದಲಾದರೂ ಓದುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಖಾಸಗಿ ಬಳಕೆಗೆ ನ್ಯಾಯಯುತ ಅವಕಾಶ ನೀಡುತ್ತದೆ. ಕಡತಕೋಶವನ್ನು 'ಕೊಂಡಿ ಇರುವ ಯಾರಾದರೂ' ತೆರೆಯುವಂತೆ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಆ ಅವಕಾಶದೊಳಗೆ ಬರುವುದಿಲ್ಲ.

ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳ ಸ್ವಾಮ್ಯ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಮತ್ತು ಕೈಲಾಸಂ ಅವರ ಅಂಥ ಕೃತಿಗಳು ಈಗ ಎಲ್ಲರ ಸೊತ್ತು. 1975ರಲ್ಲಿ ನಿಧನರಾದ ಡಿವಿಜಿ ಅವರ ಕೃತಿಗಳಿಗೆ 2035ರ ಅಂತ್ಯದವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ 2054ರ ಅಂತ್ಯದವರೆಗೆ ರಕ್ಷಣೆ ಇದೆ. ಹಕ್ಕುದಾರರೇ ಬಾಗಿಲು ತೆರೆದ ಉದಾಹರಣೆಯೂ ಇದೆ: ನಿರಂಜನ ಅವರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು.

ಬೀಗದ ಕೈ ಜೋಪಾನ

ಕ್ಲೌಡ್ ಗ್ರಂಥಾಲಯದ ಬೀಗದ ಕೈ ಎಂದರೆ ಖಾತೆ. ಆ ಖಾತೆಯ ಕೈ ಅನೇಕರಿಗೆ ಮೊಬೈಲ್ ಸಂಖ್ಯೆ. ಕೆಲಸ, ಊರು ಬದಲಾದಾಗ ಸಿಮ್ ಬದಲಿಸುವವರು ಖಾತೆಯಲ್ಲಿನ ಸಂಖ್ಯೆಯನ್ನು ಬದಲಿಸಲು ಮರೆತರೆ, ಮುಂದೊಂದು ದಿನ ಒಟಿಪಿ ಅಪರಿಚಿತರ ಕೈಗೆ ಹೋಗಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹೊಂದಾಣಿಕೆಯಲ್ಲಿರುವ ಕಡತಕೋಶದಿಂದ ಒಂದು ಪುಸ್ತಕ ಅಳಿಸಿದರೆ ಕ್ಲೌಡ್‌ನಿಂದಲೂ ಅದು ಅಳಿಯುತ್ತದೆ. ಹೀಗಾಗಿ ಕ್ಲೌಡ್ ಒಂದು ಪ್ರತಿಯಷ್ಟೇ. ಮತ್ತೊಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ, ಇರಲೇಬೇಕು.

ಇದು ಅತಿಯಾದ ಭಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದ್ದ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಕನ್ನಡದ ಹಳೆಯ ಪುಸ್ತಕಗಳೂ ಸ್ಕ್ಯಾನ್ ಆಗಿದ್ದವು. 2017ರ ಸುಮಾರಿಗೆ ಆ ಜಾಲತಾಣ ಸಾರ್ವಜನಿಕರಿಗೆ ಸಿಗದಂತಾಯಿತು. ಅಲ್ಲಿದ್ದ ಅನೇಕ ಪುಸ್ತಕಗಳು ಇಂದಿಗೂ ಓದಲು ಸಿಗುತ್ತಿರುವುದು, ಅವುಗಳ ನಕಲು ಇಂಟರ್ನೆಟ್ ಆರ್ಕೈವ್ ತಾಣವನ್ನು ಸೇರಿದ್ದರಿಂದ. ದೊಡ್ಡ ಯೋಜನೆಯ ಗ್ರಂಥಾಲಯವನ್ನು ಉಳಿಸಿದ್ದು ಎರಡನೆಯ ಪ್ರತಿ. ಮಾದನಾಯಕನಹಳ್ಳಿಯ ಬಾಡಿಗೆ ಮನೆಯ ಪುಟ್ಟ ಸಂಗ್ರಹಕ್ಕೂ ಅದೇ ನಿಯಮ ಅನ್ವಯಿಸುತ್ತದೆ.