ಹಳೆಯ ಯಂತ್ರ, ದುಬಾರಿ ಗ್ಯಾಸು

ಅಮೆರಿಕದ ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಜುಲೈ ತಿಂಗಳ ಸೆಕೆ ತಡೆಯುವಂಥದ್ದಲ್ಲ. ಇಡೀ ಮನೆಯನ್ನು ತಂಪಾಗಿಡುವ ಏರ್ ಕಂಡೀಷನರ್ ಅಲ್ಲಿ ಶೋಕಿಯ ವಸ್ತುವಲ್ಲ, ನಲ್ಲಿ ನೀರಿನಷ್ಟೇ ಸಹಜ. ಅಂಥ ಮನೆಯೊಂದರಲ್ಲಿ 2008ರಲ್ಲಿ ಕೂರಿಸಿದ ಯಂತ್ರ ಒಂದು ಮಧ್ಯಾಹ್ನ ಬರೀ ಬಿಸಿಗಾಳಿ ಊದತೊಡಗಿತು ಎನ್ನಿ. ಮೆಕ್ಯಾನಿಕ್ ಬಂದು ನೋಡಿ 'ಗ್ಯಾಸ್ ಹೋಗಿದೆ' ಎನ್ನುತ್ತಾನೆ. ಈ ಮಾತು ಬೆಂಗಳೂರಿನವರಿಗೂ ಗೊತ್ತು. ಆದರೆ ಅಲ್ಲಿ ಯಂತ್ರದ ಉಳಿದ ಭಾಗಗಳೆಲ್ಲ ಗಟ್ಟಿಯಾಗಿದ್ದರೂ, ಒಳಗೆ ತುಂಬುವ ಅನಿಲದ ಬೆಲೆ ಕೇಳಿಯೇ ಮನೆಯವರು ಹೌಹಾರುತ್ತಾರೆ.

ಆ ಅನಿಲದ ಹೆಸರು ಆರ್-22. ಅದು ದುಬಾರಿಯಾದದ್ದು ವ್ಯಾಪಾರಿಗಳ ದುರಾಸೆಯಿಂದಷ್ಟೇ ಅಲ್ಲ. ಅದರ ಮೂಲ ಒಂದು ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ.

1920ರ ದಶಕದ ರೆಫ್ರಿಜರೇಟರುಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡುಗಳಿದ್ದವು. ಸೋರಿದರೆ ಪ್ರಾಣಕ್ಕೇ ಅಪಾಯ. 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ವಿಷವೂ ಅಲ್ಲದ, ಬೆಂಕಿಯೂ ಹತ್ತದ ಕ್ಲೋರೊಫ್ಲೋರೊಕಾರ್ಬನ್ ಅನಿಲವನ್ನು ಸಿದ್ಧಪಡಿಸಿದರು. 1930ರಲ್ಲಿ ಮಿಜ್ಲಿ ರಸಾಯನ ವಿಜ್ಞಾನಿಗಳ ಸಭೆಯ ಮುಂದೆ ಅದನ್ನು ಉಸಿರಿನೊಳಗೆ ಎಳೆದುಕೊಂಡು, ಹೊರಬಿಟ್ಟ ಉಸಿರಿನಿಂದಲೇ ಮೇಣದ ಬತ್ತಿ ಆರಿಸಿ ತೋರಿಸಿದ. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಹೂಡಿದವನೂ ಇದೇ ಮಹಾಶಯ!) ಮನೆಯೊಳಗೆ ನಿರಪಾಯಕಾರಿಯಾದ ಈ ಕುಟುಂಬದ ಅನಿಲಗಳು ಮೇಲಿನ ವಾಯುಮಂಡಲಕ್ಕೇರಿ ಓಝೋನನ್ನು ನಾಶಮಾಡುತ್ತವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್‌ಟಿಕಾದ ಮೇಲೆ ಓಝೋನ್ ವಿಪರೀತ ತೆಳುವಾಗುತ್ತಿರುವುದು ವರದಿಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಆರ್-22 ಈ ಕುಟುಂಬದ ಸೌಮ್ಯ ಸದಸ್ಯ. ಓಝೋನಿಗೆ ಅದು ಮಾಡುವ ಹಾನಿ ಹಳೆಯ ಅನಿಲಗಳ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಆದ್ದರಿಂದ ಅದಕ್ಕೆ ಕೆಲಕಾಲದ ರಿಯಾಯಿತಿ ದೊರೆಯಿತು. ಅಮೆರಿಕದಲ್ಲಿ ಆ ರಿಯಾಯಿತಿ ಎರಡು ಹಂತದಲ್ಲಿ ಮುಗಿಯಿತು: 2010ರಿಂದ ಆರ್-22 ತುಂಬಿದ ಹೊಸ ಯಂತ್ರಗಳಿಗೆ ತಡೆ, 2020ರ ಜನವರಿ 1ರಿಂದ ಅನಿಲದ ತಯಾರಿಕೆ, ಆಮದು ಎರಡಕ್ಕೂ ನಿಷೇಧ. ಹಳೆಯ ಯಂತ್ರವನ್ನು ಓಡಿಸಬಾರದೆಂದು ಕಾನೂನು ಎಲ್ಲೂ ಹೇಳಲಿಲ್ಲ. ಓಡಿಸಬಹುದು, ಆದರೆ ತುಂಬಬೇಕಾದದ್ದು ಗೋದಾಮಿನಲ್ಲಿ ಉಳಿದ ದಾಸ್ತಾನನ್ನು, ಇಲ್ಲವೇ ಕಳಚಿದ ಯಂತ್ರಗಳಿಂದ ಹಿಂಪಡೆದು ಶುದ್ಧಿ ಮಾಡಿದ ಅನಿಲವನ್ನು. ಬೇಕೆಂದೇ ಮಾಡಿದ ಅಭಾವ ಇದು.

ಹಾಗಾದರೆ ಬೇರೆ ಗ್ಯಾಸು ತುಂಬಿದರಾಯಿತಲ್ಲ? ಅಷ್ಟು ಸುಲಭವಲ್ಲ. ಆರ್-22ರ ಜಾಗಕ್ಕೆ ಬಂದ ಆರ್-410ಎ ಸುಮಾರು ಒಂದೂವರೆ ಪಟ್ಟು ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ಎಣ್ಣೆಯೂ ಬೇರೆ. ಹಳೆಯ ಕಂಪ್ರೆಸರು ಅದನ್ನು ತಾಳಲಾರದು. ಹಳೆಯ ಯಂತ್ರಕ್ಕೆಂದೇ ಬಂದ ಬದಲಿ ಅನಿಲಗಳುಂಟು. ಆದರೆ ಉಳಿದ ಆರ್-22ರ ಜೊತೆ ಬೆರೆಸುವಂತಿಲ್ಲ, ಪೂರ್ತಿ ತೆಗೆದೇ ತುಂಬಬೇಕು, ತಂಪೂ ತುಸು ಕಡಿಮೆಯೇ.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು. ಕಾರಿನ ಪೆಟ್ರೋಲಿನಂತೆ ಏರ್ ಕಂಡೀಷನರಿನ ಗ್ಯಾಸು ಖರ್ಚಾಗುವುದಿಲ್ಲ. ಮೈಯೊಳಗಿನ ರಕ್ತದಂತೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಒಂದು ಟನ್ ಸಾಮರ್ಥ್ಯಕ್ಕೆ ಸುಮಾರು ಒಂದರಿಂದ ಎರಡು ಕಿಲೋ ಗ್ಯಾಸು ಬೇಕು. (ಈ 'ಟನ್' ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತ ಕೊಡುವ ತಂಪು.) ಗ್ಯಾಸು ಅಗ್ಗವಾಗಿದ್ದಾಗ ಸೋರುವ ಜಾಗ ಹುಡುಕುವ ಕೂಲಿಗಿಂತ ವರ್ಷವರ್ಷ ತುಂಬಿಸುವುದೇ ಲೇಸೆನಿಸುತ್ತಿತ್ತು. ತೂತು ಕೊಡಕ್ಕೆ ನೀರು ಹೊಯ್ದಂತೆ ನಡೆದ ಈ ವ್ಯವಹಾರವನ್ನು ದುಬಾರಿ ಬೆಲೆಯೇ ನಿಲ್ಲಿಸಿತು. ಅಷ್ಟರ ಮಟ್ಟಿಗೆ ಅಭಾವದಿಂದ ಒಳ್ಳೆಯದೇ ಆಯಿತೆನ್ನಬೇಕು.

ಆದರೆ ಭಾರ ಬಿದ್ದದ್ದು ಯಾರ ಮೇಲೆ? ಮಾಂಟ್ರಿಯಲ್ ಒಪ್ಪಂದ ಬಡ ರಾಷ್ಟ್ರಗಳಿಗೆ ಹೆಚ್ಚಿನ ಕಾಲಾವಕಾಶ ಕೊಟ್ಟಿತು, ನೆರವಿಗೆ ನಿಧಿಯನ್ನೂ ಸ್ಥಾಪಿಸಿತು. ಹೊಸ ಯಂತ್ರ ಕೊಳ್ಳಲಾಗದೆ ಹಳೆಯದನ್ನೇ ನೂಕುವ ಸಂಸಾರಕ್ಕೆ ಅಂಥ ರಿಯಾಯಿತಿ ಒಪ್ಪಂದದಲ್ಲಿಲ್ಲ. ಧೈರ್ಯ ಮಾಡಿ ಬದಲಿಸಿದವರಿಗೂ ನೆಮ್ಮದಿಯಿಲ್ಲ. ಆರ್-410ಎ ಓಝೋನನ್ನು ಕೆಡಿಸದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಎರಡು ಸಾವಿರ ಪಟ್ಟಿಗೂ ಮಿಗಿಲು. 2016ರ ಕಿಗಾಲಿ ತಿದ್ದುಪಡಿ ಅಂಥ ಅನಿಲಗಳನ್ನೂ ಕಡಿತದ ಪಟ್ಟಿಗೆ ಸೇರಿಸಿತು.

ಭಾರತ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ್ದು 1992ರಲ್ಲಿ. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಆರ್-22ರ ಗಡುವು 2030. ಆಮೇಲೆ 2040ರವರೆಗೆ ದುರಸ್ತಿಗೆಂದು ಚೂರುಪಾರು ಮಾತ್ರ. ಇಲ್ಲಿನ ಕಿಟಕಿಗಳಲ್ಲಿ ಹದಿನೈದು ವರ್ಷಗಳಿಂದ ಗುರುಗುಟ್ಟುತ್ತಿರುವ ಪೆಟ್ಟಿಗೆಗಳಲ್ಲಿ ಆರ್-22 ತುಂಬಿದವು ಬೇಕಾದಷ್ಟಿವೆ. ಯಾವುದರಲ್ಲಿ ಏನಿದೆಯೆಂಬುದು ಯಂತ್ರಕ್ಕೆ ಅಂಟಿಸಿದ ತಗಡಿನ ಪಟ್ಟಿಯ ಮೇಲೆ, ಧೂಳು ಒರೆಸಿದರೆ, ಅಚ್ಚಾಗಿರುತ್ತದೆ.