ಇಂಜಿನ್ ನಿಂತರೆ ಏನು ಮಾಡ್ತೀರಿ, ಕ್ಯಾಪ್ಟನ್?

ತಿಂಗಳಿಗೆ ನಾಲ್ಕು ಸಲ ಬೆಂಗಳೂರು–ದೆಹಲಿ ಓಡಾಡುವವರಿಗೆ ಬೆಲ್ಟ್ ಹಾಕುವ, ಆಮ್ಲಜನಕದ ಮಾಸ್ಕ್ ಎಳೆಯುವ ಸೂಚನೆಗಳೆಲ್ಲ ಬಾಯಿಪಾಠ. ಆದರೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಪೈಲಟ್ ಎಂದು ಗೊತ್ತಾದರೆ ಸಾಕು, ಎಲೆಗೆ ಸಾರು ಬೀಳುವ ಮೊದಲೇ ಪ್ರಶ್ನೆ ಬೀಳುತ್ತದೆ: ‘ಮೇಲೆ ಹೋದಮೇಲೆ ಇಂಜಿನ್ ನಿಂತುಬಿಟ್ಟರೆ?’

ಒಂದು ನಿಂತರೆ ಇನ್ನೊಂದರಲ್ಲೇ ಹಾರಿ ಹತ್ತಿರದ ನಿಲ್ದಾಣದಲ್ಲಿ ಇಳಿಯಬಹುದು. ಎರಡೂ ನಿಂತರೂ ಜೆಟ್ ಕಲ್ಲಿನಂತೆ ಬೀಳುವುದಿಲ್ಲ; ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು ಹದಿನೈದು ಕಿಲೋಮೀಟರ್ ಮುಂದಕ್ಕೆ ತೇಲುತ್ತದೆ. 2001ರ ಆಗಸ್ಟ್‌ನಲ್ಲಿ ಟೊರೊಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ330 ವಿಮಾನದ ಇಂಧನ ಅಟ್ಲಾಂಟಿಕ್ ಮೇಲೆ ಸೋರಿಹೋಗಿ ಎರಡೂ ಇಂಜಿನ್ ನಿಂತವು. ಪೈಲಟ್‌ಗಳು ಸುಮಾರು 19 ನಿಮಿಷ ಅದನ್ನು ತೇಲಿಸಿಕೊಂಡು ಹೋಗಿ ಅಜೋರ್ಸ್‌ನ ಟೆರ್ಸೀರಾ ದ್ವೀಪದಲ್ಲಿ ಇಳಿಸಿದರು. ಒಳಗಿದ್ದ 306 ಮಂದಿಯೂ ಬದುಕಿದರು.

ಆದರೆ ಪೈಲಟ್‌ಗಳನ್ನು ಹೆಚ್ಚು ಎಚ್ಚರದಲ್ಲಿಡುವುದು ಆಕಾಶವಲ್ಲ, ರನ್‌ವೇ ಮೇಲಿನ ಸುಮಾರು ಅರ್ಧ ನಿಮಿಷದ ಓಟ. ವಿಮಾನ ವೇಗ ಹಿಡಿಯುತ್ತಿರುವಾಗ ಕ್ಯಾಪ್ಟನ್ನರ ಅಂಗೈ ಥ್ರಸ್ಟ್ ಲೀವರ್‌ಗಳ ಮೇಲೇ ಇರುತ್ತದೆ. ಏನಾದರೂ ಕೆಟ್ಟರೆ ಹಿಂದಕ್ಕೆ ಎಳೆದು ನಿಲ್ಲಿಸಲು. ‘ವಿ-ಒನ್’ ಎಂಬ ಕೂಗು ಬಂದಕೂಡಲೇ ಆ ಕೈ ಅಲ್ಲಿಂದ ತೆಗೆಯಬೇಕು. ಅಲ್ಲಿಂದ ಮುಂದೆ ನಿಲ್ಲಿಸಲು ರನ್‌ವೇ ಸಾಲದು; ಇಂಜಿನ್ ಕೆಟ್ಟರೂ ಏರಲೇಬೇಕು. ಹಾಗೆ ಏರಲು ಉಳಿದ ಒಂದೇ ಇಂಜಿನ್ ಸಾಕಾಗುವಂತೆ ಮೊದಲೇ ಲೆಕ್ಕ ಹಾಕಿರುತ್ತಾರೆ. ಕೈಯನ್ನು ಅಲ್ಲೇ ಬಿಟ್ಟರೆ ಗಾಬರಿಯಲ್ಲಿ ಹಿಂದಕ್ಕೆ ಎಳೆದುಬಿಡುವ ಅಪಾಯವಿದೆ, ಅದಕ್ಕೇ ಈ ಶಿಸ್ತು.

ವಿ-ಒನ್ ವೇಗ ಎಷ್ಟು ಎಂಬುದು ಪ್ರತಿ ಹಾರಾಟಕ್ಕೂ ಬೇರೆ. ತೂಕ, ಬಿಸಿಲು, ಗಾಳಿ, ರನ್‌ವೇ ಉದ್ದ, ಊರಿನ ಎತ್ತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು. ಅಷ್ಟೇ ಭಾರದ ವಿಮಾನ ಚೆನ್ನೈಗಿಂತ ಇಲ್ಲಿ ಹೆಚ್ಚು ದೂರ ಓಡಿದ ಮೇಲೆಯೇ ನೆಲ ಬಿಡುತ್ತದೆ.

ಇಂಧನವನ್ನು ಲೀಟರ್ ಬಿಟ್ಟು ಕಿಲೋದಲ್ಲಿ ಯಾಕೆ ಲೆಕ್ಕ ಹಾಕುತ್ತಾರೆ? ಬಿಸಿಲಿಗೆ ಇಂಧನ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ತೂಕ ಮಾತ್ರ ಬದಲಾಗುವುದಿಲ್ಲ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಒಂದಕ್ಕೆ ಕಿಲೋ ಬದಲು ಪೌಂಡ್ ಲೆಕ್ಕದಲ್ಲಿ ಇಂಧನ ತುಂಬಿ, ಬೇಕಾದ ಅರ್ಧದಷ್ಟೂ ಇಲ್ಲದೆ ಅದು 41,000 ಅಡಿ ಎತ್ತರದಲ್ಲಿ ಖಾಲಿಯಾಯಿತು. ವಿಮಾನ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ.

‘ಎಲ್ಲಾ ಆಟೋಪೈಲಟ್ಟೇ ಮಾಡುತ್ತಲ್ವಾ?’ ಎಂಬ ಮಾತು ಪೈಲಟ್‌ಗಳಿಗೆ ಕೇಳಿ ಕೇಳಿ ಅಭ್ಯಾಸವಾಗಿದೆ. ಟೇಕಾಫ್ ಕೈಯಿಂದಲೇ, ಹೆಚ್ಚಿನ ಲ್ಯಾಂಡಿಂಗ್‌ಗಳೂ ಕೈಯಿಂದಲೇ. ಡಿಸೆಂಬರ್‌ನ ದೆಹಲಿಯ ಮಂಜಿನಲ್ಲಿ ಯಂತ್ರವೇ ಇಳಿಸುವುದೂ ಉಂಟು. ಆದರೆ ಎದುರಿನ ಮೋಡವನ್ನು ಎಡಕ್ಕೆ ಬಳಸುವುದೋ ಬಲಕ್ಕೋ, ಇನ್ನೊಂದು ಸುತ್ತು ಕಾಯುವುದೋ ಜೈಪುರಕ್ಕೆ ತಿರುಗಿಸುವುದೋ, ಅದನ್ನು ಯಂತ್ರ ಹೇಳುವುದಿಲ್ಲ.

ಇನ್ನು ಕುಲುಕಾಟ. ಕಿಟಕಿಯಿಂದ ರೆಕ್ಕೆ ಬಾಗುವುದು ಕಂಡರೆ ಜೀವ ಬಾಯಿಗೆ ಬರುತ್ತದೆ. ಅದು ಬಾಗಬೇಕೆಂದೇ ಕಟ್ಟಿದ ರೆಕ್ಕೆ. 2010ರಲ್ಲಿ ಬೋಯಿಂಗ್ 787ರ ಪರೀಕ್ಷೆಯಲ್ಲಿ ರೆಕ್ಕೆಯ ತುದಿಯನ್ನು ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿದ್ದರು, ಮುರಿಯಲಿಲ್ಲ. ಅಪಾಯವಿರುವುದು ಬೆಲ್ಟ್ ಬಿಚ್ಚಿ ಕೂತವರಿಗೆ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ 4.6 ಸೆಕೆಂಡಿನಲ್ಲಿ 178 ಅಡಿ ಕುಸಿಯಿತು. ಸಾವಿರಾರು ಅಡಿ ಬಿದ್ದಂತೆ ಅನಿಸಿದ್ದರೂ ಲೆಕ್ಕ ಇಷ್ಟೇ. ವಿಮಾನ ಬ್ಯಾಂಕಾಕ್‌ನಲ್ಲಿ ಕ್ಷೇಮವಾಗಿ ಇಳಿಯಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರಿಗೆ ಬೆನ್ನುಮೂಳೆಗೆ ಪೆಟ್ಟಾಯಿತು. ಬೆಲ್ಟ್ ಸೂಚನೆಯ ದೀಪ ಆರಿದರೂ ಬೆಲ್ಟ್ ಸಡಿಲವಾಗಿಯಾದರೂ ಇರಲಿ ಎಂದು ಪೈಲಟ್‌ಗಳು ಬೇಡುವುದು ಇದಕ್ಕೇ. ನಿರ್ಮಲ ಆಕಾಶದ ಕುಲುಕಾಟ ವಿಮಾನದ ಮೂತಿಯಲ್ಲಿರುವ ರೇಡಾರ್‌ಗೆ ಕಾಣುವುದೇ ಇಲ್ಲ.

ಮಂಗಳೂರಿಗೆ ಮಳೆಗಾಲದಲ್ಲಿ ಹೋದವರ ದೂರು ಬೇರೆ: ‘ಧೊಪ್ಪೆಂದು ಇಳಿಸಿದರು.’ ಗುಡ್ಡದ ನೆತ್ತಿಯ ಆ ರನ್‌ವೇ 2,450 ಮೀಟರ್, ಬೆಂಗಳೂರಿನವು 4,000. ಹೂವಿನಂತೆ ಇಳಿಸಲು ಹೋದರೆ ರನ್‌ವೇ ಮುಂದೆ ಸರಿದುಹೋಗುತ್ತದೆ, ಗಾಲಿ ನೀರಿನ ಪದರದ ಮೇಲೆ ಜಾರುತ್ತದೆ. ಗಟ್ಟಿಯಾಗಿ ಕೂರಿಸಿದರೆ ಗಾಲಿ ನೀರನ್ನು ಸೀಳಿ ನೆಲ ಹಿಡಿಯುತ್ತದೆ. ಆ ಧೊಪ್ಪೆನ್ನುವ ಸದ್ದು ಬೇಕೆಂದೇ ಮಾಡಿದ್ದು.

ಪಂಕ್ತಿಯಲ್ಲಿ ಕೇಳಿದ ಮೊದಲ ಪ್ರಶ್ನೆಯನ್ನೇ ಪರೀಕ್ಷಕರು ವರ್ಷಕ್ಕೆರಡು ಸಲ ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳಿಗೆ ಕೇಳುತ್ತಾರೆ, ಬಾಯಿಮಾತಿನಲ್ಲಲ್ಲ. ‘ವಿ-ಒನ್’ ಕೂಗಿ ಕೈ ತೆಗೆದ ಮರುಕ್ಷಣ ಒಂದು ಇಂಜಿನ್ ಸಾಯುತ್ತದೆ, ಮೂತಿ ಪಕ್ಕಕ್ಕೆ ಎಳೆಯುತ್ತದೆ. ಕಾಲು ರಡ್ಡರ್ ಪೆಡಲನ್ನು ಒತ್ತಿ ನೇರ ಹಿಡಿಯುತ್ತದೆ, ಗಾಲಿಗಳು ಮಡಚಿಕೊಳ್ಳುತ್ತವೆ. ಎಚ್ಚರಿಕೆಯ ಗಂಟೆ ಎಷ್ಟೇ ಬಡಿದುಕೊಳ್ಳಲಿ, 400 ಅಡಿ ಏರುವವರೆಗೆ ಇಬ್ಬರಲ್ಲಿ ಯಾರೂ ಕೆಟ್ಟ ಇಂಜಿನ್ನಿನ ಸ್ವಿಚ್ ಮುಟ್ಟುವುದಿಲ್ಲ.